ಕಾತ್ರಜ ಘಟ್ಟದಲ್ಲಿ ಕಾರಿನ ಪರೀಕ್ಷೆ

ಪುಣೆಯಲ್ಲಿ ನೆಲಸಿದ ನಮ್ಮ ಕಡೆಯವರಿಗೆ ಕಾತ್ರಜವೆಂದರೆ ಊರಿನ ಹೆಬ್ಬಾಗಿಲು. ಅದನ್ನು ದಾಟಿದರೆ ಸಾತಾರೆ, ಕರಾಡ, ಕೊಲ್ಲಾಪುರ. ನಿಪ್ಪಾಣಿಯ ಹತ್ತಿರ ಕನ್ನಡದ ಫಲಕ ಕಣ್ಣಿಗೆ ಬಿತ್ತೆಂದರೆ ಅರ್ಧ ದಣಿವು ಇಳಿದಂತೆಯೇ. ಧಾರವಾಡಕ್ಕೆ ಇಲ್ಲಿಂದ ಸುಮಾರು 420 ಕಿಲೋಮೀಟರು. ಎಪ್ಪತ್ತಾರು ದಾಟಿದ ನಮ್ಮ ಅವ್ವನಿಗೆ ರಾತ್ರಿಯ ಬಸ್ಸಿನ ಮೆಟ್ಟಿಲು ಹತ್ತುವುದು ಈಗ ಆಗದು. ಮನೆಗೊಂದು ಕಾರು ಬಂದರೆ ಮಾತ್ರ ಅವಳು ಇನ್ನೊಮ್ಮೆ ಊರು ಕಾಣುವುದು.

ಮಗನ ಕಣ್ಣು ಬಿದ್ದದ್ದು ಒಂದು ಪುಟ್ಟ, ಚುರುಕು ಹ್ಯಾಚ್‌ಬ್ಯಾಕಿನ ಮೇಲೆ. ಅದರ ಹೆಸರು ಹೇಳಿದರೆ ಜಾಹೀರಾತಾದೀತು, ಅಂಕಿಗಳನ್ನಷ್ಟೇ ಹೇಳುತ್ತೇನೆ. 998 ಸಿ.ಸಿ.ಯ ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಎಂಜಿನ್ನು, 120 ಅಶ್ವಶಕ್ತಿ, ಉದ್ದ 3995 ಮಿಲಿಮೀಟರು. ನಾಲ್ಕು ಮೀಟರಿಗೆ ಐದೇ ಮಿಲಿಮೀಟರು ಕಡಿಮೆ! ಅದಕ್ಕೆ ಕಾರಣ ತೆರಿಗೆ. 2006ರ ಮುಂಗಡಪತ್ರದಲ್ಲಿ ನಾಲ್ಕು ಮೀಟರಿನೊಳಗಿನ ಸಣ್ಣ ಕಾರುಗಳಿಗೆ ಸುಂಕ ಇಳಿಸಿದರು. ಆ ಗೆರೆ ಇಂದಿಗೂ ಅಳಿದಿಲ್ಲ. ಪೆಟ್ರೋಲ್ ಎಂಜಿನ್ನು 1200 ಸಿ.ಸಿ. ಮೀರದಿದ್ದರೆ ಇಂಥ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಶೇಕಡಾ 18.

ಕಾರಿನಂಗಡಿಯವರ ಪದ್ಧತಿಯೆಂದರೆ ನುಣುಪಾದ ರಸ್ತೆಯಲ್ಲಿ ಎರಡು ಸುತ್ತು ಹಾಕಿಸಿ, ಮರಳಿ ಬಂದೊಡನೆ ಚಹಾ ಕೊಡುವುದು. ನಾವು ಕೇಳಿದ್ದು ಹಳೆಯ ಕಾತ್ರಜ ಘಟ್ಟ. ಅವ್ವನನ್ನೂ ಹಿಂದಿನ ಆಸನದಲ್ಲಿ ಕೂಡಿಸಿಕೊಂಡೆವು. ಜೊತೆಗೆ ಬಂದ ಹುಡುಗ ಸೌಜನ್ಯದವನು, ಒಪ್ಪಿಕೊಂಡ.

ಘಟ್ಟದ ಬುಡದಲ್ಲಿ ಕಾತ್ರಜದ ಕೆರೆ. 18ನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆಯವರು ಇದರ ನೀರನ್ನು ನೆಲದೊಳಗಿನ ಕಾಲುವೆಯಿಂದ ಪುಣೆಯ ತೊಟ್ಟಿಗಳಿಗೆ ಹರಿಸಿದ್ದರು. ಕೆರೆ ಹಿಂದಾದಂತೆ ದಾರಿ ಸುತ್ತಿ ಸುತ್ತಿ ಏರುತ್ತದೆ; ಒಂದೊಂದು ತಿರುವಿಗೂ ಪುಣೆ ಇನ್ನಷ್ಟು ಅಗಲವಾಗಿ ಕೆಳಗೆ ಹರಡಿಕೊಳ್ಳುತ್ತದೆ.

ಏರು ದಾರಿಯಲ್ಲಿ ಮಗನೇ ನಡೆಸಿದ. ಎಂಜಿನ್ನು ಹೊರಹಾಕುವ ಹೊಗೆಯೇ ಒಂದು ಚಿಕ್ಕ ಚಕ್ರವನ್ನು ತಿರುಗಿಸಿ, ಒಳಗೆ ಹೆಚ್ಚು ಗಾಳಿಯನ್ನು ತುಂಬುವುದು ಟರ್ಬೊದ ಕೆಲಸ. ಎಂಜಿನ್ನು ನಿಧಾನವಾಗಿ ತಿರುಗುತ್ತಿದ್ದರೆ ಆ ಚಕ್ರಕ್ಕೆ ಬಲ ಸಾಲದು. ಹಾಗಾಗಿ ಮೂರನೆಯ ಗೇರಿನಲ್ಲಿ ಕಾರು ತುಸು ಮೀನ ಮೇಷ ಎಣಿಸಿತು. ಎರಡಕ್ಕೆ ಇಳಿಸಿದ್ದೇ ತಡ, ಹಗ್ಗ ಬಿಚ್ಚಿದ ಕರುವಿನಂತೆ ನೆಗೆಯಿತು. ತಿರುವಿನಲ್ಲಿ ಅದು ಓಲಾಡಲಿಲ್ಲ. ಮಗನ ಮುಖವನ್ನು ನೋಡಿ, ಕಾರು ಮನೆಗೆ ಬಂದಂತೆಯೇ ಎಂದುಕೊಂಡೆ.

ಹಳೆಯ ಸುರಂಗದ ಆಚೆ ಇಳಿಜಾರು. ಅಲ್ಲಿ ನಾನು ಕುಳಿತೆ. ಎರಡನೆಯ ಗೇರಿನಲ್ಲೇ ಇಳಿದರೆ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ, ಬ್ರೇಕು ಕಾಯುವುದಿಲ್ಲ. ಘಟ್ಟದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಶಿಂದೇವಾಡಿಯ ಬಳಿ ಹೆದ್ದಾರಿ ಸೇರಿ, ಹೊಸ ಸುರಂಗದಿಂದ ಪುಣೆಗೆ ಮರಳಿದೆವು.

ಅವ್ವನನ್ನು ಕೇಳಿದೆವು. ಅವಳು ಸೆರಗು ಸರಿಪಡಿಸಿಕೊಂಡು, "ಗಾಡಿ ಛಲೋ ಅದ ತಮ್ಮಾ. ಆದ್ರ ರಸ್ತೆದಾಗಿನ ಒಂದೊಂದು ಕಲ್ಲೂ ನನ್ನ ಸೊಂಟಕ್ಕ ತನ್ನ ಹೆಸರು ಹೇಳಿ ಹೋತು ನೋಡು" ಎಂದಳು.

ಎಲ್ಲರೂ ನಕ್ಕೆವು, ಮಗ ಮಾತ್ರ ನಗಲಿಲ್ಲ. ತಿರುವಿನಲ್ಲಿ ಕಾರನ್ನು ಓಲಾಡದಂತೆ ಹಿಡಿದ ಬಿಗಿಯಾದ ಸ್ಪ್ರಿಂಗೇ ಹಿಂದಿನ ಆಸನಕ್ಕೆ ಕಲ್ಲಿನ ಸುದ್ದಿ ಮುಟ್ಟಿಸಿತ್ತು. ನಡೆಸುವವನಿಗೆ ಗುಣವಾದದ್ದು ಕೂತವರಿಗೆ ದೋಷವಾಗಿತ್ತು. ಅಂಗಡಿಯ ಮುಂದೆ ಇಳಿದು ಕೀಲಿ ಮರಳಿಸುತ್ತ ಮಗನೇ ಆ ಹುಡುಗನನ್ನು ಕೇಳಿದ: "ಇದಕ್ಕಿಂತ ಮೆತ್ತಗಿನ ಕಾರು ಯಾವುದಿದೆ? ನಾಳೆ ಇದೇ ಘಟ್ಟಕ್ಕೆ ಬರುತ್ತೇವೆ, ಅಜ್ಜಿಯೂ ಬರುತ್ತಾರೆ."

ಕಾರು ಕೊಳ್ಳಹೊರಟ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಅಂಗಡಿಯವರ ರಸ್ತೆಯನ್ನು ಬಿಟ್ಟು ನಿಮ್ಮ ರಸ್ತೆಯಲ್ಲಿ ನಡೆಸಿ ನೋಡಿರಿ. ಮನೆಯ ಹಿರಿಯರನ್ನು ಹಿಂದೆ ಕೂಡಿಸಿರಿ. ನೀವೂ ಒಂದು ಸಲ ಹಿಂದೆ ಕೂತು ನೋಡಿರಿ.

ಮರುದಿನದ ಕಾರು ಘಟ್ಟವನ್ನು ನಿಧಾನವಾಗಿಯೇ ಏರಿತು. ಅವ್ವನಿಗೆ ಅರ್ಧ ದಾರಿಯಲ್ಲೇ ನಿದ್ದೆ ಹತ್ತಿತು. ಮಗ ಸದ್ದಾಗದಂತೆ ಗೇರು ಬದಲಿಸಿದ. ಅಂದೇ ಮುಂಗಡ ಕೊಟ್ಟು ಬಂದೆವು.