ಖರಾಬು ಜಮೀನಿನ ಗುಬ್ಬಿ

ವೀಕೆಂಡಲ್ಲಿ ಸೂರ್ಯೋದಯ ನೋಡೋಕೆ ಅಂತ ನಂದಿಬೆಟ್ಟಕ್ಕೆ ಗಾಡಿ ಓಡಿಸುವವರೆಲ್ಲ ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ನೆಲಗುಬ್ಬಿಯನ್ನು ದಾಟಿಕೊಂಡೇ ಹೋಗುತ್ತಾರೆ. ಕಾಣೋದಿಲ್ಲ, ಅಷ್ಟೆ. ಮನೆಗುಬ್ಬಿಗಿಂತ ಚಿಕ್ಕದು, ನೆಲದ ಮೇಲೇ ಓಡಾಡುತ್ತೆ, ಸುಮ್ಮನೆ ಕೂತರೆ ಮಣ್ಣುಹೆಂಟೆಯ ಹಾಗಿರುತ್ತೆ. ಗಂಡಿಗೆ ಬೂದು ನೆತ್ತಿ, ಕಪ್ಪು ಹೊಟ್ಟೆ, ಕಣ್ಣಿನ ಮೇಲೊಂದು ಕಪ್ಪು ಪಟ್ಟಿ. ಹೆಣ್ಣು ಮಾಸಲು ಕಂದು. ಇಂಗ್ಲಿಷಲ್ಲಿ ಆಶಿ ಕ್ರೌನ್ಡ್ ಸ್ಪ್ಯಾರೋ ಲಾರ್ಕ್. ಭಾರತ ಮತ್ತು ಅಕ್ಕಪಕ್ಕದ ದೇಶಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.

ಹಾಡೋ ಹೊತ್ತಲ್ಲಿ ಮಾತ್ರ ಗಂಡಿಗೆ ಸಂಕೋಚವೇ ಇರಲ್ಲ. ರೆಕ್ಕೆ ಪಟಪಟ ಬಡಿಯುತ್ತಾ ಮೇಲಕ್ಕೇರಿ, ರೆಕ್ಕೆ ಮಡಚಿ, ಸಿಳ್ಳೆ ಹಾಕುತ್ತಾ ಕಲ್ಲು ಬಿದ್ದಂಗೆ ಬೀಳುತ್ತೆ. ಇನ್ನೇನು ನೆಲಕ್ಕೆ ಬಡೀತು ಅನ್ನುವಾಗ ಮತ್ತೆ ಮೇಲೆ. ಯಲಹಂಕದ ಏರ್ ಶೋಗೆ ಟಿಕೆಟ್ ಬೇಕು. ಗೋಮಾಳದಲ್ಲಿ ದನ ಮೇಯಿಸುತ್ತಿದ್ದ ನಮಗೆ ಇದು ದಿನಾ ಫ್ರೀ.

ಗೂಡು ಕಟ್ಟೋದೂ ನೆಲದಲ್ಲೇ. ಒಂದು ಸಣ್ಣ ಗುಳಿ, ಒಳಗೆ ಹುಲ್ಲು, ಕೂದಲು, ಕೆಲವು ಸಲ ಅಂಚಿಗೆ ಪುಟ್ಟ ಕಲ್ಲುಗಳು. ಎರಡೋ ಮೂರೋ ಮೊಟ್ಟೆ. ಇದಕ್ಕೆ ಮರ ಬೇಕಿಲ್ಲ. ಮರ ಬಂದರೆ ಕಾಗೆ, ಗಿಡುಗಗಳಿಗೆ ಕೂತು ಹೊಂಚುಹಾಕೋಕೆ ಕೊಂಬೆ ಸಿಕ್ಕಿದ ಹಾಗೆ.

ಇದನ್ನೆಲ್ಲ ಹೇಳೋಕೆ ಕಾರಣ ಆಫೀಸಿಂದ ಬಂದ ಒಂದು ಮೇಲ್. ಮಳೆಗಾಲದಲ್ಲಿ ಒಂದು ಶನಿವಾರ ಸಾವಿರ ಗಿಡ ನೆಡೋಣ ಅಂತ. ಜಾಗ, ನಮ್ಮೂರ ಗೋಮಾಳ. ನಾನು ಹಾಕಿದ್ದ ಫೋಟೋ ನೋಡಿ ಟೀಮಿನವರೇ ಆರಿಸಿದ್ದರು. "ನಿಮ್ಮೂರಲ್ಲಿ ಅಷ್ಟೊಂದು ಖಾಲಿ ಜಾಗ ಬಿದ್ದಿದೆಯಲ್ಲ ಗುರೂ!"

ಬೇಡ ಅಂತ ಉತ್ತರ ಬರೆದರೆ ಪರಿಸರ ವಿರೋಧಿ ಆಗ್ತೀನಿ. ಅದಕ್ಕೇ ಮೊದಲು ಬಂದು ನೋಡಿ ಅಂತ ಇಬ್ಬರನ್ನು ಕರೆದುಕೊಂಡು ಹೋದೆ. ಅಲ್ಲಿ ಕುರಿ ಬಿಟ್ಟುಕೊಂಡಿದ್ದ ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಅಂದ್ರು: "ಗಿಡ ಹಾಕಿ ಬೇಲಿ ಸುತ್ತಿದ್ರೆ ಕುರಿ ಎಲ್ ಮೇಯ್ಬೇಕಪ್ಪಾ?" ಅಷ್ಟರಲ್ಲಿ ಒಂದು ನೆಲಗುಬ್ಬಿ ಮೇಲೆದ್ದು ತನ್ನ ಆಟ ಶುರು ಮಾಡ್ತು. ಗೆಳೆಯರು ಹತ್ತು ನಿಮಿಷ ಫೋನ್ ಮುಟ್ಟಲಿಲ್ಲ. ಕೊನೆಗೆ ಹೊಂಗೆ, ಬೇವು, ಹುಣಸೆ ಸಸಿಗಳು ಶಾಲೆಯ ಅಂಗಳಕ್ಕೂ ಕೇಳಿದವರ ಹೊಲದ ಬದುಗಳಿಗೂ ಹೋದವು.

ಸಸಿ ನೆಡೋರಿಗೆ ತಿಳಿಸಿ ಹೇಳಬಹುದು. ಕಾಗದಕ್ಕೆ ಹೇಳೋದು ಕಷ್ಟ. ಪಹಣಿಯಲ್ಲಿ ಬೇಸಾಯಕ್ಕೆ ಬಾರದ ನೆಲ 'ಖರಾಬು'. ಉಳದೆ ಬಿಟ್ಟದ್ದು 'ಬೀಳು'. ಕೇಂದ್ರ ಸರ್ಕಾರ ಹೊರತರುವ ಬಂಜರು ಭೂಮಿ ನಕಾಶೆಯಲ್ಲಿ ಕುರುಚಲು ನೆಲಕ್ಕೂ ಬಂಜರು ಅಂತಲೇ ಲೆಕ್ಕ. ಒಂದು ಸಲ ಖರಾಬು ಅಂತ ಹೆಸರು ಬಿದ್ದಮೇಲೆ ಅಲ್ಲಿ ಲೇಔಟ್ ಆದರೂ, ನೀಲಗಿರಿ ತೋಪು ಆದರೂ ಅದು 'ಅಭಿವೃದ್ಧಿ'ಯೇ.

ಪಕ್ಕದ ಹೆಸರಘಟ್ಟ ನೋಡಿ. ಹಿಂದೆ ಬೆಂಗಳೂರಿಗೆ ಕೊಳಾಯಿ ನೀರು ಕೊಟ್ಟ ಕೆರೆ ಅದು. ಅದರ ಜಲಾನಯನದಲ್ಲಿ ಉಳಿದಿರುವ ಹುಲ್ಲುಗಾವಲನ್ನು ಸಂರಕ್ಷಿಸುವ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತ್ತು. ಜನ ಬಿಡಲಿಲ್ಲ. 2024ರಲ್ಲಿ ಅದೇ ಮಂಡಳಿ ಸುಮಾರು 5,678 ಎಕರೆಗೆ ಒಪ್ಪಿಗೆ ಕೊಡ್ತು. ಖುಷಿಯ ವಿಷಯವೇ. ಆದರೆ ನಮ್ಮೂರಿನಂಥ ಊರುಗಳ ಹತ್ತಿಪ್ಪತ್ತು ಎಕರೆ ಗೋಮಾಳಕ್ಕೆ ಯಾವ ಮಂಡಳಿಯೂ ಸಭೆ ಸೇರಲ್ಲ. ನೆಲಗುಬ್ಬಿ ಹೆಚ್ಚಾಗಿ ಬದುಕಿರೋದು ಇಂಥ ತುಂಡುಗಳಲ್ಲೇ. ನಮ್ಮದರ ಅಂಚಿಗೆ ಆಗಲೇ ಸೈಟ್‌ಗಳ ಗಡಿಕಲ್ಲು ಬಂದು ನಿಂತಿವೆ.

ನಮ್ಮ ಕೆಲಸದಲ್ಲಿ ಹಳೇ ಕೋಡಿನ ಒಂದು ಫಂಕ್ಷನ್ ಉಪಯೋಗಕ್ಕಿಲ್ಲ ಅನ್ನಿಸಿದರೆ ಸೀದಾ ಡಿಲೀಟ್ ಮಾಡ್ತೀವಾ? ಎಲ್ಲೆಲ್ಲಿಂದ ಅದನ್ನು ಕರೀತಿದ್ದಾರೆ ಅಂತ ಮೊದಲು ಹುಡುಕ್ತೀವಿ. ನೆಲಕ್ಕೂ ಅಷ್ಟು ಮರ್ಯಾದೆ ಕೊಡಬಹುದಲ್ವಾ? ಮುಂದಿನ ಸಲ ಗುದ್ದಲಿ ಹಿಡಿದು ಹೊರಟಾಗ ಆ ಊರಿನ ಕುರಿ ಕಾಯೋರನ್ನ ಒಂದು ಮಾತು ಕೇಳಿ. ಬೆಳಿಗ್ಗೆ ಅರ್ಧ ಗಂಟೆ ಸುಮ್ಮನೆ ನಿಂತು ನೋಡಿ. ಅಲ್ಲಿ ನೆಲದಿಂದ ಏನಾದರೂ ಸಿಳ್ಳೆ ಹಾಕುತ್ತಾ ಮೇಲೆದ್ದರೆ, ನಿಮ್ಮ ಸಸಿಗೆ ಬೇರೆ ಜಾಗ ಹುಡುಕಿ.