ನಮ್ಮ ‘ಉಂಟು’ ಮತ್ತು ಸ್ಪಾನಿಷ್ ಭಾಷೆಯ ನಾಳೆ

ಭಾಷೆ ಕಲಿಯುವುದೆಂದರೆ ಶಬ್ದಗಳನ್ನು ಉರುಹೊಡೆಯುವುದೆಂದು ಹಲವರ ಎಣಿಕೆ. ಕಾಸರಗೋಡಿನ ಕನ್ನಡ ಶಾಲೆಯ ನಾವು ಮೂವರು ಗೆಳತಿಯರು ಬೇಸಗೆ ರಜೆಯಲ್ಲಿ ಸ್ಪಾನಿಷ್ ವ್ಯಾಕರಣದ ಪುಸ್ತಕ ಹಿಡಿದಾಗ, ಮನೆಯ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: “ಕನ್ನಡ ಮೀಡಿಯಂ ಮಕ್ಕಳ ತಲೆಗೆ ಇದೆಲ್ಲ ಹೋದೀತೇ?” ಭವಿಷ್ಯತ್ಕಾಲದ ಪಾಠಕ್ಕೆ ಬಂದಾಗ ನಮಗೆ ಉತ್ತರ ಸಿಕ್ಕಿತು.

ಸ್ಪಾನಿಷ್ ಕ್ರಿಯಾಪದಗಳ ಮೂಲರೂಪದ ಕೊನೆಯಲ್ಲಿ ಅರ್, ಎರ್, ಇರ್ ಎಂಬ ಮೂರರಲ್ಲಿ ಒಂದು ಇರುತ್ತದೆ. ಅಬ್ಲರ್ ಎಂದರೆ ಮಾತಾಡುವುದು, ಕೊಮೆರ್ ಎಂದರೆ ತಿನ್ನುವುದು, ವಿವಿರ್ ಎಂದರೆ ಬದುಕುವುದು. ವರ್ತಮಾನ ಕಾಲದಲ್ಲಿ ಈ ಮೂರು ಗುಂಪುಗಳ ಪ್ರತ್ಯಯಗಳು ಒಂದೇ ತೆರನಾಗಿಲ್ಲ. ಭವಿಷ್ಯತ್ತಿನಲ್ಲಿ ಈ ತೊಡಕಿಲ್ಲ. ಮೂಲರೂಪವನ್ನು ಕತ್ತರಿಸದೆ ಇಡಿಯಾಗಿ ಇಟ್ಟುಕೊಂಡು, ಮೂರಕ್ಕೂ ಅವೇ ಪ್ರತ್ಯಯಗಳನ್ನು ಹಚ್ಚಿದರಾಯಿತು. ಅಬ್ಲರೇ ಎಂದರೆ ಮಾತಾಡುವೆನು; ಅಬ್ಲರಾಸ್, ಮಾತಾಡುವೆ; ಅಬ್ಲರಾ, ಮಾತಾಡುವನು ಅಥವಾ ಮಾತಾಡುವಳು; ಅಬ್ಲರೇಮೊಸ್, ಮಾತಾಡುವೆವು; ಅಬ್ಲರೇಯ್ಸ್, ಮಾತಾಡುವಿರಿ; ಅಬ್ಲರಾನ್, ಮಾತಾಡುವರು. ಕೊಮೆರೇ, ವಿವಿರೇ ಎಂಬವೂ ಹೀಗೆಯೇ. ಕೆಲವು ಕ್ರಿಯಾಪದಗಳ ಮೂಲರೂಪ ತುಸು ಬದಲಾದರೂ ಪ್ರತ್ಯಯ ಬದಲಾಗದು.

ನಾವು ದಿನವೂ ಕೇಳುವ ಮಲಯಾಳದಲ್ಲಿ ನಾನಾದರೂ ನೀನಾದರೂ ಅವನಾದರೂ ‘ಪರಯುಂ’ ಎಂಬುದೊಂದೇ ರೂಪ. ಕನ್ನಡದಲ್ಲಿ ‘ಬರುವೆನು’ ಎಂದರೆ ಸಾಕು, ‘ನಾನು’ ಎನ್ನಬೇಕಿಲ್ಲ. ಸ್ಪಾನಿಷ್ ಕೂಡ ಹಾಗೆಯೇ. ತರಗತಿಯಲ್ಲಿ ಕಲಿತ ಆಖ್ಯಾತ ಪ್ರತ್ಯಯದ ಪಾಠ ಇಲ್ಲಿ ನಮ್ಮ ಕೈಹಿಡಿಯಿತು.

ಈ ಪ್ರತ್ಯಯಗಳು ಎಲ್ಲಿಂದ ಬಂದವು? ‘ಹೊಂದಿರುವುದು’ ಎಂಬ ಅರ್ಥದ ಹಳೆಯ ಕ್ರಿಯಾಪದವೊಂದರಿಂದ. ‘ಮಾತಾಡಲಿಕ್ಕೆ ನನಗೆ ಉಂಟು’ ಎಂಬಂಥ ಎರಡು ಪದಗಳ ಮಾತು ಬರಬರುತ್ತ ಬೆಸೆದು ‘ಅಬ್ಲರೇ’ ಎಂಬ ಒಂದೇ ಪದವಾಯಿತು. 1492ರಲ್ಲಿ ಸ್ಪಾನಿಷ್ ಭಾಷೆಗೆ ವ್ಯಾಕರಣ ಬರೆದ ಆಂತೋನಿಯೋ ದೆ ನೆಬ್ರಿಹಾ ಇದನ್ನು ಆಗಲೇ ಗುರುತಿಸಿದ್ದರು.

ಇದನ್ನೋದಿ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. “ನಾಳೆ ಪೇಟೆಗೆ ಹೋಗಲಿಕ್ಕುಂಟು” ಎಂಬುದು ನಮ್ಮ ಮನೆಮಾತಲ್ಲವೇ? ಘಟ್ಟದ ಮೇಲಿನ ನೆಂಟರು ನಮ್ಮ ಈ ‘ಉಂಟು’ ಕೇಳಿ ನಗುವುದುಂಟು. ಅವರ ಮುಂದೆ ನಾವು ಅದನ್ನು ನುಂಗಿಕೊಳ್ಳುವುದೂ ಉಂಟು. ದೂರದ ಸ್ಪೇನಿನ ಜನ ನಾಳೆಯ ಮಾತಿಗೆ ಹಿಡಿದ ದಾರಿಯೂ ಇಂಥದೇ ಎಂದು ತಿಳಿದ ಮೇಲೆ ನುಂಗಿಕೊಳ್ಳುವ ಅಗತ್ಯ ಕಾಣಲಿಲ್ಲ.

ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಮನೆಯ ಮಾತು ಹೊಸ ಭಾಷೆಗೆ ಅಡ್ಡಗೋಡೆಯಲ್ಲ, ಅದೇ ಮೆಟ್ಟಲು. ನಮಗಿನ್ನೂ ಬಹಳ ಕಲಿಯಲಿಕ್ಕುಂಟು. ಅಪ್ರೆಂದೆರೇಮೊಸ್, ಅಂದರೆ ಕಲಿಯುವೆವು.