ಕಂಬ ಕಟ್ಟಿದವನ ಬೆನ್ನು

‘ಎಂದಿರನ್’ ಟೀವಿಯಲ್ಲಿ ಬಂದಾಗ ನಾನು ಕಾಯುವುದು ರಜನೀಕಾಂತರಿಗಲ್ಲ ಎಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ನಾನು ಕಾಯುವುದು ಷಾ ಎಂಬ ಒಬ್ಬ ಚಿಲ್ಲರೆ ಖಳನಿಗೆ. ನೀರು ಕುಡಿಯಲು ಎದ್ದರೆ ತಪ್ಪಿಹೋಗುವಷ್ಟು ಸಣ್ಣ ಪಾತ್ರ. ಅದನ್ನು ಮಾಡಿದವರು ಸಾಬು ಸಿರಿಲ್; ಆ ಚಿತ್ರದ ಕಲಾ ನಿರ್ದೇಶಕರೇ. 2010ರ ಈ ಚಿತ್ರದ ಕಲೆಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನಟನೆಗೆ ಯಾರೂ ಏನೂ ಕೊಟ್ಟಂತಿಲ್ಲ.

ತೆರೆಯ ಮೇಲೆ ಅವರು ನಿಂತಾಗ ನನ್ನ ಕಣ್ಣು ಮುಖ ಬಿಟ್ಟು ಹಿಂದಿನ ಗೋಡೆಗೆ ಹೋಗುತ್ತದೆ. ಒಮ್ಮೆಯಾದರೂ ತಿರುಗಿ ಅದನ್ನು ನೋಡಿಯಾರೇ? ಇಲ್ಲ, ನೋಡುವುದಿಲ್ಲ. ಪಕ್ಕಾ ನಟ!

ವಾಲ್ಪಾರೈ ಬೆಟ್ಟದಲ್ಲಿ ಹುಟ್ಟಿ, ಮದ್ರಾಸಿನ ಕಲಾಶಾಲೆಯಲ್ಲಿ ಕಲಿತವರು ಅವರು. ಮಲಯಾಳದ ‘ತೇನ್‌ಮಾವಿನ್ ಕೊಂಬತ್ತ್’, ‘ಕಾಲಾಪಾನಿ’ಗಳಿಂದ ಹೆಸರಾಗಿ, ‘ಹೇ ರಾಮ್’, ‘ಕನ್ನತ್ತಿಲ್ ಮುತ್ತಮಿಟ್ಟಾಲ್’ ದಾಟಿ, ಮುಂದೆ ‘ಬಾಹುಬಲಿ’ಯ ಮಾಹಿಷ್ಮತಿಯನ್ನೂ ಕಟ್ಟಿದರು. ನನಗೆ ಅಚ್ಚುಮೆಚ್ಚು ಮಾತ್ರ 2005ರ ‘ಅನ್ನಿಯನ್’. ಅದರ ಒಂದು ಹಾಡಿಗಾಗಿ ತೆಂಕಾಶಿ ಬಳಿಯ ಸುಂದರಪಾಂಡಿಯಪುರದಲ್ಲಿ ಮನೆಗಳಿಗೆ, ರಸ್ತೆಗೆ, ಲಾರಿಗಳಿಗೆ ಬಣ್ಣ ಬಳಿಸಿದರು. ಹಾಡು ಐದು ನಿಮಿಷದ್ದು. ಯೂನಿಟ್ ಗಂಟುಮೂಟೆ ಕಟ್ಟಿದ ಮರುದಿನ ಬೆಳಿಗ್ಗೆ, ಅಲ್ಲಿಯ ಅಜ್ಜಿಯೊಬ್ಬಳು ಆ ಬಣ್ಣದ ಬೀದಿಗೆ ಎಂದಿನಂತೆ ನೀರು ಚಿಮುಕಿಸಿ ಕೋಲ ಬಿಡಿಸಿದಳೇ, ಇಲ್ಲಾ ಎಲ್ಲಿ ಬಿಡಿಸಲಿ ಎಂದು ಸೊಂಟಕ್ಕೆ ಕೈಯಿಟ್ಟು ನಿಂತಳೇ?

ಈ ಕಸುಬಿನ ಗ್ರಹಚಾರವೇ ಅಂಥದ್ದು. ಗೋಡೆ ಚೆನ್ನಾಗಿದ್ದರೆ ನಾವು ಅದನ್ನು ಗೋಡೆಯೆಂದೇ ತಿಳಿದು ಸುಮ್ಮನಾಗುತ್ತೇವೆ. 1987ರ ‘ನಾಯಗನ್’ ನೋಡಿ, ಮುಂಬಯಿಯ ಧಾರಾವಿಯನ್ನು ಕಂಡೆನೆಂದು ವರ್ಷಗಟ್ಟಲೆ ಜಂಬ ಕೊಚ್ಚಿದ್ದೇನೆ. ನಾನು ಕಂಡದ್ದು ಕಲಾ ನಿರ್ದೇಶಕ ತೋಟ ತರಣಿಯವರು ಮದ್ರಾಸಿನ ಸ್ಟುಡಿಯೋದಲ್ಲಿ ಎಬ್ಬಿಸಿದ ಧಾರಾವಿ.

ಷಾನನ್ನು ಕಂಡಾಗ ನೆನಪಾಗುವವರು ನಮ್ಮೂರ ಡ್ರಾಯಿಂಗ್ ಮೇಷ್ಟ್ರು. ಜಾತ್ರೆಯ ನಾಟಕಕ್ಕೆ ಸೀನರಿ ಅವರದೇ. ಸರೇಸು ಕಾಯಿಸಿ, ಬಣ್ಣದ ಪುಡಿ ಕಲಸಿ, ಬಿದಿರ ಚೌಕಟ್ಟಿಗೆ ಬಿಗಿದ ಹಳೇ ಪಂಚೆಗಳ ಮೇಲೆ ಅರಮನೆಯ ಕಂಬ ಬರೆಯುತ್ತಿದ್ದರು. ಒಂದು ವರ್ಷ ದ್ವಾರಪಾಲಕನಾಗಬೇಕಿದ್ದವನು ಜ್ವರ ಬಂದು ಮಲಗಿದ. “ಮೇಷ್ಟ್ರೇ, ನೀವೇ ನಿಂತ್ಬಿಡಿ, ಮಾತೇನಿಲ್ಲ” ಎಂದರು. ನಿಂತರು. ಮೊದಲ ಅಂಕವೆಲ್ಲ ಈಟಿ ಹಿಡಿದು ಕದ್ದು ಕದ್ದು ಕಂಬದ ಕಡೆಗೇ ನೋಟ. ರಾಜ ಬಂದರೂ ನಮಸ್ಕಾರವಿಲ್ಲ. ಕೊನೆಗೆ ಕಾಲು ಸೋತು ಅದಕ್ಕೇ ಒರಗಿದರು. ಅಂದು ಮಧ್ಯಾಹ್ನವಷ್ಟೇ ಬಳಿದ ಬಣ್ಣ. ಹೊರಡುವಾಗ ಬೆನ್ನ ಮೇಲೆ ಅರ್ಧ ಅರಮನೆ ಹೊತ್ತೊಯ್ದರು. ಊರು ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಮೇಷ್ಟ್ರು ಹೋಗಿ ಬಹಳ ಕಾಲವಾಯಿತು. ಈಚೆಗೆ ಊರಿಗೆ ಹೋದಾಗ, ಯಾರದೋ ಅಟ್ಟದ ಮೇಲೆ ಅಡಿಕೆ ಮೂಟೆಗಳಿಗೆ ಆ ಬಟ್ಟೆ ಹೊದಿಸಿದ್ದರು. ಕಂಬದ ಹೂಬಳ್ಳಿ ಇನ್ನೂ ಗಟ್ಟಿಯಾಗಿತ್ತು. ಭುಜದೆತ್ತರದಲ್ಲಿ ಮಾತ್ರ, ಅಂಗೈ ಅಗಲದಷ್ಟು, ಬಣ್ಣ ಇರಲಿಲ್ಲ.